ಕಲ್ಲಿಗಿಳಿದ ಸಾವು, ಕಾಗದಕ್ಕಿಳಿದ ಇಚ್ಛೆ

ತರೀಕೆರೆ ಸೀಮೆಯ ಅಮೃತಾಪುರದಲ್ಲಿ ಅಮೃತೇಶ್ವರ ದಂಡನಾಯಕ ಗುಡಿ ಕಟ್ಟಿಸಿದ್ದು 1196ರಲ್ಲಿ. ಆಗ ಆಳುತ್ತಿದ್ದವನು ಹೊಯ್ಸಳ ಇಮ್ಮಡಿ ವೀರಬಲ್ಲಾಳ. ಗುಡಿಯ ಶಾಸನದ ಪದ್ಯ ಕವಿ ಜನ್ನನದು. ಅದೇ ಬಲ್ಲಾಳನ ಇನ್ನೊಬ್ಬ ದಂಡನಾಯಕ ಕುವರ ಲಕ್ಷ್ಮನ ಹೆಸರು ಉಳಿದದ್ದು ಗುಡಿಯಿಂದಲ್ಲ, ಸಾವಿನಿಂದ. ಒಡೆಯ ಹೋದರೆ ತಾನೂ ಉಳಿಯುವುದಿಲ್ಲವೆಂದು ಭಾಷೆ ಕೊಟ್ಟ ಗರುಡ ಅವನು. 1220ರಲ್ಲಿ ದೊರೆ ತೀರಿದಾಗ ಮಾತು ನಡೆಸಿದ. ಹಳೇಬೀಡಿನ ಕಂಬದಲ್ಲಿ ಆ ಕಥೆಯೂ, ತಮ್ಮ ಕೊರಳಿಗೆ ತಾವೇ ಕತ್ತಿ ಇಟ್ಟ ವೀರರೂ ಇದ್ದಾರೆ.

ಶ್ರವಣಬೆಳಗೊಳದ್ದು ಇನ್ನೊಂದು ದಾರಿ. ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಗುರುಗಳ ಸಮ್ಮುಖದಲ್ಲಿ ಸನ್ಯಸನ ಹಿಡಿದು, ಒಂದು ತಿಂಗಳು ಉಪವಾಸವಿದ್ದು ಪ್ರಾಣ ಬಿಟ್ಟಳೆಂದು ಶಾಸನ ಹೇಳುತ್ತದೆ.

ಗರುಡನಾಗಲಿ ಮಾಚಿಕಬ್ಬೆಯಾಗಲಿ ರೋಗಿಯಲ್ಲ. ಕೊನೆಯವರೆಗೂ ಎಚ್ಚರವಿತ್ತು, ನಿರ್ಧಾರ ಅವರ ಕೈಯಲ್ಲೇ ಇತ್ತು. ಕಲ್ಲು ಬರೆಸಿದ್ದು ಎಲ್ಲ ಮುಗಿದ ಮೇಲೆ. ಲಿವಿಂಗ್ ವಿಲ್ ತದ್ವಿರುದ್ಧ: ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವುದು, ಮಾತು ನಿಂತ ಮೇಲೆ ಬೇರೆಯವರು ನಡೆಸುವುದು.

ಬರೆದಿಡದಿದ್ದರೆ ಏನಾಗುತ್ತದೆ? ಹೊನ್ನಾವರದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯ ನರ್ಸ್. 1973ರ ನವೆಂಬರ್ 27ರಂದು ತನ್ನ ಮೇಲೆ ನಡೆದ ದಾಳಿಯ ನಂತರ ಆಕೆ ಚೇತರಿಸಿಕೊಳ್ಳಲೇ ಇಲ್ಲ. ಆಹಾರ ನಿಲ್ಲಿಸಲು ಅನುಮತಿ ಕೋರಿ ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. 2011ರ ಮಾರ್ಚ್ 7ರ ತೀರ್ಪು ನಿಷ್ಕ್ರಿಯ ದಯಾಮರಣಕ್ಕೆ ಬಾಗಿಲು ತೆರೆಯಿತು. ಅರುಣಾ ಪರ ಮಾತಾಡುವ ಹಕ್ಕನ್ನು ಮಾತ್ರ ವಿರಾನಿಗಲ್ಲ, ವರ್ಷಗಟ್ಟಲೆ ಆರೈಕೆ ಮಾಡಿದ ಆಸ್ಪತ್ರೆ ಸಿಬ್ಬಂದಿಗೆ ಕೊಟ್ಟಿತು. ಅವರು ಒಪ್ಪಲಿಲ್ಲ. ಅರುಣಾ ತೀರಿಕೊಂಡದ್ದು 2015ರ ಮೇ 18ರಂದು. ಆಕೆಯ ಇಚ್ಛೆ ಏನಿತ್ತೆಂದು ತಿಳಿಸುವ ಒಂದು ಚೀಟಿಯೂ ನ್ಯಾಯಾಲಯದ ಮುಂದಿರಲಿಲ್ಲ.

ಅಂಥ ಚೀಟಿಗೆ ಕಾನೂನಿನ ಬಲ ಬಂದದ್ದು 2018ರ ಮಾರ್ಚ್ 9ರಂದು, ಕಾಮನ್ ಕಾಸ್ ಪ್ರಕರಣದಲ್ಲಿ. ಇಬ್ಬರು ಸಾಕ್ಷಿಗಳ ಜೊತೆ ಮ್ಯಾಜಿಸ್ಟ್ರೇಟರ ರುಜುವೂ ಬೇಕೆಂಬ ನಿಯಮ ಜನರಿಗೆ ತೊಡಕಾಯಿತು. 2023ರ ಜನವರಿಯಲ್ಲಿ ನ್ಯಾಯಾಲಯ ಅದನ್ನು ಸಡಿಲಿಸಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕೆಂದಿತು. ಇದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು.

ಇಷ್ಟಾದರೂ ಕಾಗದ ತಾನಾಗಿ ಏನನ್ನೂ ಮಾಡದು. ಅಮೃತಾಪುರದವರೊಬ್ಬರು ಉಯಿಲು ಬರೆದು ಟ್ರಂಕಿನಲ್ಲಿಟ್ಟರೆನ್ನಿ. ಶಿವಮೊಗ್ಗದ ಐಸಿಯುನಲ್ಲಿ ಅವರು ವೆಂಟಿಲೇಟರ್ ಮೇಲಿದ್ದಾಗ ಅದನ್ನು ವೈದ್ಯರ ಕೈಗೆ ಯಾರಾದರೂ ತಲುಪಿಸಬೇಕು. ಚೇತರಿಕೆಯ ಆಸೆಯಿಲ್ಲವೆಂದು ಆಸ್ಪತ್ರೆಯ ಮೊದಲ ಮಂಡಳಿ ಹೇಳಬೇಕು, ಎರಡನೆಯದು ಒಪ್ಪಬೇಕು. ಒಂದೊಂದಕ್ಕೂ ಸುಮಾರು 48 ಗಂಟೆ. ಉಯಿಲಿನಲ್ಲಿ ಹೆಸರಿಸಿದವರ ಸಮ್ಮತಿ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ನಡುವೆ ಮಗನೋ ಮಗಳೋ "ಇನ್ನೆರಡು ದಿನ ನೋಡೋಣ" ಅಂದರೆ ಬಹುತೇಕ ವೈದ್ಯರು ಜಗಳಕ್ಕೆ ನಿಲ್ಲುವುದಿಲ್ಲ. ಉಯಿಲಿನ ಪ್ರತಿಯನ್ನು ಮೊದಲೇ ಮನೆ ವೈದ್ಯರಿಗೆ ಕೊಟ್ಟು, ಮಕ್ಕಳನ್ನು ಕೂರಿಸಿ ಓದಿ ಹೇಳಿದವರ ಮಾತು ನಡೆಯುವ ಸಾಧ್ಯತೆ ಹೆಚ್ಚು.

ಘನತೆಯ ಸಾವಿನ ಹಕ್ಕಿಗಾಗಿ ಎರಡು ದಶಕ ಪತ್ರ ಬರೆದು ಹೋರಾಡಿದ ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮ ಈ ಸುತ್ತೋಲೆಯ ಹೊತ್ತಿಗೆ ಸುದ್ದಿಯಾದರು. ಆದರೆ ಸುತ್ತೋಲೆ ತಡೆಯುವುದು ಬೇಡವಾದ ಯಂತ್ರವನ್ನಷ್ಟೆ. ಪ್ರಜ್ಞೆಯಿರುವವರು ಬೇಡಿದರೂ ಚುಚ್ಚುಮದ್ದಿನಿಂದ ಸಾವು ತರುವುದು ಇಂದಿಗೂ ಅಪರಾಧವೇ.