ಗಾಂಜಾ, ಭಂಗಿ, ಸಿಬಿಡಿ ಎಣ್ಣೆ: ದೇಹದೊಳಗೆ ಆಗೋದೇನು?

ಗಾಂಜಾ ಗಿಡದಲ್ಲಿ ಕ್ಯಾನಬಿನಾಯ್ಡ್ ಎಂಬ ನೂರಕ್ಕೂ ಹೆಚ್ಚು ರಾಸಾಯನಿಕಗಳಿವೆ. ನಶೆ ಏರಿಸುವುದು ಮುಖ್ಯವಾಗಿ ಟಿಎಚ್‌ಸಿ. 1964ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಇದನ್ನು ಬೇರ್ಪಡಿಸಿದರು. ಮೆದುಳು ತಾನೇ ಇಂಥದ್ದೊಂದು ವಸ್ತು ತಯಾರಿಸುತ್ತದೆ ಎಂಬುದು 1992ರಲ್ಲಿ ಗೊತ್ತಾಯ್ತು. ಅದರ ಹೆಸರು ಆನಂದಮೈಡ್, ನಮ್ಮ ‘ಆನಂದ’ದಿಂದಲೇ ಬಂದದ್ದು. ಟಿಎಚ್‌ಸಿ ಹೋಗಿ ಅದರ ಜಾಗದಲ್ಲಿ ಕೂರುತ್ತದೆ. ಎದೆಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ನೆನಪು ಮತ್ತು ಸಮಯದ ಅಂದಾಜು ತಪ್ಪುತ್ತದೆ. ಕೆಲವರಿಗೆ ವಿಪರೀತ ಹೆದರಿಕೆ.

ಸೇದಿದರೆ ಪರಿಣಾಮ ನಿಮಿಷಗಳಲ್ಲೇ. ಭಂಗಿ ಕುಡಿದರೆ ಒಂದೆರಡು ಗಂಟೆಯೂ ಆಗಬಹುದು. ‘ಏನೂ ಆಗ್ಲಿಲ್ವಲ್ಲ’ ಅಂತ ಇನ್ನೊಂದು ಲೋಟ ಏರಿಸಿದವರೇ ಆಮೇಲೆ ಒದ್ದಾಡೋದು.

ಗಲ್ಫ್‌ನಲ್ಲಿ ಇರುವವರಿಗೆ ಮುಖ್ಯವಾದ ಲೆಕ್ಕ ಬೇರೆ. ಟಿಎಚ್‌ಸಿ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುತ್ತದೆ. ನಶೆ ಕೆಲವೇ ಗಂಟೆ. ಮೂತ್ರದಲ್ಲಿ ಗುರುತು ಮಾತ್ರ ಅಪರೂಪಕ್ಕೆ ತಗೊಂಡವರಲ್ಲಿ ಕೆಲವು ದಿನ, ನಿತ್ಯ ಸೇವಿಸುವವರಲ್ಲಿ ತಿಂಗಳವರೆಗೂ ಉಳಿಯಬಹುದು. ಮಜ್ಜಿಗೆ, ನಿಂಬೆಹಣ್ಣು ಇದನ್ನು ತೊಳೆಯೋದಿಲ್ಲ. ಭಾರತದ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಬರೀ ಎಲೆ ‘ಗಾಂಜಾ’ ಎನಿಸುವುದಿಲ್ಲ, ಆದ್ದರಿಂದ ಭಂಗಿ ಕೆಲವು ರಾಜ್ಯಗಳಲ್ಲಿ ಅಂಗಡಿಯಲ್ಲೇ ಸಿಗುತ್ತದೆ. ಲ್ಯಾಬಿನ ಯಂತ್ರಕ್ಕೆ ಆ ವ್ಯತ್ಯಾಸ ತಿಳಿಯದು. ಯುಎಇಯಲ್ಲಿ ದೇಹದೊಳಗೆ ಸಿಕ್ಕರೂ ಕೇಸು.

ಸಿಬಿಡಿ ನಶೆ ಕೊಡುವುದಿಲ್ಲ. ಕೆಲವು ಬಗೆಯ ಮೂರ್ಛೆರೋಗಕ್ಕೆ ಅಮೆರಿಕ 2018ರಲ್ಲಿ ಅದನ್ನು ಔಷಧವಾಗಿ ಒಪ್ಪಿದೆ. ಆದರೆ ಮಾರುಕಟ್ಟೆಯ ಎಣ್ಣೆಯಲ್ಲಿ ಟಿಎಚ್‌ಸಿ ಅಂಶ ಬೆರೆತಿರಬಹುದು. ಯುಎಇಯಲ್ಲಂತೂ ಸಿಬಿಡಿ ಎಣ್ಣೆ ಇಟ್ಟುಕೊಳ್ಳುವುದೇ ಅಪರಾಧ. ಆಯುರ್ವೇದದಲ್ಲಿ ಈ ಗಿಡದ ಹೆಸರು ‘ವಿಜಯಾ’. ಮಂಡಿನೋವಿಗೆ ಅಂತ ಊರಿಂದ ಕೊಟ್ಟ ಬಾಟಲಿಯಲ್ಲಿ ಆ ಹೆಸರಿದ್ದರೆ ಅಲ್ಲೇ ಬಿಟ್ಟು ಬನ್ನಿ.