ಮನೆತನದ ಚರಿತ್ರೆಯನ್ನು ಬರೆಯಿಸುವುದು

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯ ಹೆಸರಿನಲ್ಲಿ ಅರಸು, ಕೆರೆ ಎಂಬ ಎರಡು ಮಾತುಗಳು ಸೇರಿವೆ. ಕೆರೆಯ ಏರಿಗೆ ಮಣ್ಣು ಹೊತ್ತವರು, ತೂಬನ್ನು ಕಾದವರು, ಕೆರೆಯ ಕೆಳಗಿನ ಗದ್ದೆಯನ್ನು ಹಂಚಿಕೊಂಡ ಅಣ್ಣತಮ್ಮಂದಿರು, ಇವರಾರೂ ಊರಿನ ಹೆಸರಿನೊಳಗೆ ಸೇರಲಿಲ್ಲ. ಊರ ಹೆಸರುಗಳು ದೊರೆಯನ್ನು ನೆನೆಯುತ್ತವೆ. ಒಕ್ಕಲನ್ನು ನೆನೆಯುವ ಕೆಲಸಕ್ಕೆ ಬೇರೆಯವರೇ ಬೇಕು. ಆ ಕೆಲಸವನ್ನು ಪ್ರತಿಫಲ ಕೊಟ್ಟು ಮಾಡಿಸುವ ಪದ್ಧತಿ ಕನ್ನಡನಾಡಿನಲ್ಲಿ ಬಹು ಹಿಂದಿನಿಂದ ನಡೆದು ಬಂದಿದೆ.

ಈಚೆಗೆ ಕೆಲವು ವಿದ್ಯಾವಂತ ಮನೆಗಳವರು ಲೇಖಕನೊಬ್ಬನಿಗೆ ಸಂಭಾವನೆ ಕೊಟ್ಟು ಹಿರಿಯರ ಜೀವನವನ್ನೂ ವಂಶದ ವೃತ್ತಾಂತವನ್ನೂ ಬರೆಯಿಸಿ ಅಚ್ಚುಹಾಕಿಸುವುದುಂಟು. ಇದು ಹಣವಂತರ ಆಡಂಬರವೆಂದು ಹಳಿಯುವವರಿದ್ದಾರೆ. ಪರದೇಶದಿಂದ ಬಂದ ಹೊಸ ರೂಢಿಯೆಂದು ಎಣಿಸುವವರೂ ಇದ್ದಾರೆ. ಎರಡನೆಯ ಮಾತು ನಿಜವಲ್ಲವೆಂಬುದಕ್ಕೆ ಇದೇ ತಾಲ್ಲೂಕಿನ ಆತಕೂರಿನ ಕಲ್ಲೇ ಸಾಕ್ಷಿ.

ಆತಕೂರಿನ ಶಾಸನವು ಶಕವರ್ಷ 872ರದು, ಎಂದರೆ ಕ್ರಿ. ಶ. 949-50ರದು. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನು ಮಡಿದ ಸಂಗತಿ ಅದರಲ್ಲಿರುವುದರಿಂದ ಇತಿಹಾಸಕಾರರಿಗೆ ಅದು ಬಹು ಬೆಲೆಯುಳ್ಳದ್ದು. ಆದರೆ ಆ ಕಲ್ಲು ನಿಂತದ್ದು ಒಂದು ನಾಯಿಯ ನೆನಪಿಗಾಗಿ. ಗಂಗರ ಬೂತುಗನ ಆಳು ಮಣಲೇರನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದುದನ್ನು ಬೇಡೆಂದಾಗ, ಅವನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಅದು ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲನ್ನು ನೆಡಿಸಿ, ಅದಕ್ಕೆ ಭೂಮಿಯನ್ನು ಬಿಟ್ಟರು. ಆ ಸ್ಥಾನದ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದು ವಿಧಿಸಿದರು. ನೆನಪನ್ನು ಒಮ್ಮೆ ಕೆತ್ತಿಸಿದರೆ ಸಾಲದು, ಅದನ್ನು ಕಾಯುವವನಿಗೆ ಜೀವನೋಪಾಯವೂ ಬೇಕೆಂಬುದನ್ನು ಅಂದಿನವರು ಚೆನ್ನಾಗಿ ಅರಿತಿದ್ದರು.

ಕಲ್ಲಿಗಿಂತ ವಿಸ್ತಾರವಾಗಿ ಹೇಳಬಲ್ಲುದು ಕಾವ್ಯ. ಅತ್ತಿಮಬ್ಬೆಯು ಕ್ರಿ. ಶ. 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದಳು. ಕಾವ್ಯದ ವಸ್ತು ಎರಡನೆಯ ತೀರ್ಥಂಕರನ ಚರಿತ್ರೆ. ಅದರೊಡನೆ ರನ್ನನು ಆಕೆಯ ವಂಶದ ಕಥೆಯನ್ನೂ ಹೇಳಿದನು: ತಂದೆ ಮಲ್ಲಪ, ಮಾವ ದಲ್ಲಪ, ಗಂಡ ನಾಗದೇವ, ಅವನನ್ನೇ ಮದುವೆಯಾಗಿದ್ದ ತಂಗಿ ಗುಂಡಮಬ್ಬೆ. ನಾಗದೇವನು ಸತ್ತಾಗ ತಂಗಿ ಸಹಗಮನ ಮಾಡಿದಳು. ಅಕ್ಕ ಬದುಕಿ ಉಳಿದು ಮಗನನ್ನು ಸಾಕಿದಳು. ಒಂದು ಮನೆಯ ಈ ದುಃಖವು ಸಾವಿರ ವರ್ಷಗಳಾದ ಮೇಲೂ ಓದುಗರನ್ನು ತಲಪುತ್ತಿರುವುದು ಆ ಕಾವ್ಯದ ದೆಸೆಯಿಂದ. ಅದೇ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳು. ಒಂದೇ ಪ್ರತಿಯುಳ್ಳ ಗ್ರಂಥಕ್ಕೆ ಗೆದ್ದಲು ಹಿಡಿದರೆ ಬರೆಯಿಸಿದವರ ಶ್ರಮವೆಲ್ಲ ಮಣ್ಣುಪಾಲಾಗುವುದೆಂದು ಆಕೆ ಬಲ್ಲಳು.

ಆದರೆ ಪೋಷಕರ ಅನ್ನವನ್ನುಂಡ ಕವಿ ಪೋಷಕರ ಕುಂದನ್ನು ಎತ್ತಿ ಹೇಳುವನೆ? ಆಡಂಬರವೆಂದು ಹಳಿಯುವವರ ಮಾತಿನ ತಿರುಳು ಇದೇ. ಇದಕ್ಕೆ ಉತ್ತರವನ್ನು ಅರಮನೆಯ ಕವಿಗಳಲ್ಲಿ ಹುಡುಕುವುದಕ್ಕಿಂತ ಹೆಳವರಲ್ಲಿ ಹುಡುಕುವುದು ಮೇಲು.

ಹೆಳವನೆಂದರೆ ಕಾಲಿಲ್ಲದವನು. ಬಳ್ಳಾರಿ, ಮೈಸೂರು ಮುಂತಾದ ಸೀಮೆಗಳಲ್ಲಿ ಹೆಳವರು ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು, ಮನೆಯಿಂದ ಮನೆಗೆ ಹೋಗಿ ಆಯಾ ಮನೆತನದ ಹಿಂದಿನವರನ್ನೂ ಕಾಳಗದಲ್ಲಿ ಮಡಿದ ವೀರರನ್ನೂ ಹೆಸರಿಸುತ್ತಿದ್ದರೆಂದು 1909ರಲ್ಲಿ ಪ್ರಕಟವಾದ ಥರ್ಸ್ಟನ್ನನ ಜಾತಿವಿವರಣೆಯ ಗ್ರಂಥದಲ್ಲಿ ಹೇಳಿದೆ. ಕಾಳು, ಬಟ್ಟೆ, ಹಣ ಇವೇ ಅವರ ಸಂಭಾವನೆ. ಬೆಳಗಾವಿಯ ಕಡೆ ಇಂದಿಗೂ ಹೊತ್ತಗೆಗಳೊಡನೆ ಸಂಚರಿಸುವ ಹೆಳವರಿದ್ದಾರೆ. ಇವರೂ ಪಡೆದು ಹೇಳುವವರೇ. ಆದರೆ ಒಂದು ಮನೆಯ ಜಗಲಿಯಲ್ಲಿ ಹೇಳಿದುದನ್ನು ದಾಯಾದಿಯ ಜಗಲಿಯಲ್ಲಿಯೂ ಹೇಳಬೇಕು. ಕೊಟ್ಟವನನ್ನು ಮೆಚ್ಚಿಸಲು ಕಿರಿಯ ಕವಲನ್ನು ಹಿರಿದೆಂದರೆ ಪಕ್ಕದ ಮನೆಯವನು ಸುಮ್ಮನಿರನು. ಹೆಳವನ ಮಾತಿಗೆ ಬೆಲೆ ಬಂದದ್ದು ಅವನು ಕೂಲಿಯನ್ನು ಮುಟ್ಟದವನೆಂದಲ್ಲ, ಕೇಳುವವರು ಅನೇಕರಿದ್ದುದರಿಂದ.

ಈ ಪದ್ಧತಿಯಲ್ಲಿಯೂ ಕೊರತೆಯಿತ್ತು. ವಂಶಾವಳಿಯು ಗಂಡುಸಂತತಿಯ ಎಳೆಯನ್ನು ಹಿಡಿದು ಸಾಗುತ್ತದೆ. ಕೊಟ್ಟ ಹೆಣ್ಣು ಹೊಸಿಲು ದಾಟಿದೊಡನೆ ತವರಿನ ಲೆಕ್ಕದಿಂದ ಜಾರುತ್ತಾಳೆ. ಶಾನುಭೋಗರ ಕಡತವೂ ಈ ಕೊರತೆಯನ್ನು ತುಂಬಲಾರದು. ಜಮೀನು ಯಾರದು, ಕಂದಾಯವೆಷ್ಟು ಎಂಬುದು ಅದರಲ್ಲಿ ದೊರೆಯಬಹುದು. ಬರಗಾಲದಲ್ಲಿ ಒಡವೆ ಮಾರಿ ಮಕ್ಕಳನ್ನು ಉಳಿಸಿದ ಅಜ್ಜಿಯ ಸಂಗತಿ ದೊರೆಯದು. ಆ ಶಾನುಭೋಗಿಕೆಯಾದರೂ 1961ರ ಗ್ರಾಮಾಧಿಕಾರ ರದ್ದತಿಯ ಕಾಯಿದೆಯಿಂದ ಕೊನೆಗೊಂಡಿತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲನ್ನು ಕರ್ಣಾಟಕವು 1994ರಲ್ಲಿಯೂ ಭಾರತ ಸರ್ಕಾರವು 2005ರಲ್ಲಿಯೂ ಕಾಯಿದೆ ಮಾಡಿ ವಿಧಿಸಿದವು. ಆಸ್ತಿಯಲ್ಲಿ ಪಾಲುಳ್ಳವಳಿಗೆ ಚರಿತ್ರೆಯಲ್ಲಿ ಪಾಲಿಲ್ಲವೆಂದರೆ ನ್ಯಾಯವಲ್ಲ.

ಆದುದರಿಂದ ಲೇಖಕನನ್ನು ಗೊತ್ತುಮಾಡುವ ಗೃಹಸ್ಥರು ಈ ಹಳೆಯ ಪಾಠಗಳನ್ನು ಮರೆಯಬಾರದು. ಸಂಭಾವನೆಯನ್ನು ಮೊದಲೇ ನಿಶ್ಚಯಿಸತಕ್ಕದ್ದು. ಹೊಗಳಿಕೆಯ ಅಳತೆಗೆ ತಕ್ಕಂತೆ ಅದು ಏರಬಾರದು. ಲೇಖಕನು ಮನೆಯ ಯಜಮಾನನೊಬ್ಬನನ್ನೇ ಕೇಳಿದರೆ ಸಾಲದು. ಬೇರೆಯಾದ ಕವಲಿನವರನ್ನೂ, ಕೊಟ್ಟ ಹೆಣ್ಣುಮಕ್ಕಳನ್ನೂ, ಬಂದ ಸೊಸೆಯರನ್ನೂ, ಮನೆಯ ಹೊಲದಲ್ಲಿ ದುಡಿದವರನ್ನೂ ಕೇಳಬೇಕು. ಬಾಯಿಮಾತನ್ನು ಕ್ರಯಪತ್ರ, ವಿಭಾಗಪತ್ರ, ಪಹಣಿಗಳೊಡನೆ ಹೋಲಿಸಿ, ಪತ್ರದಿಂದ ತಿಳಿದುದು ಯಾವುದು, ಹೇಳಿಕೆಯಿಂದ ಬಂದುದು ಯಾವುದು ಎಂಬುದನ್ನು ಬೇರೆಬೇರೆಯಾಗಿ ತೋರಿಸಬೇಕು. ಬದುಕಿರುವವರ ಮಾನಕ್ಕೆ ಕುಂದು ತರುವ ಸಂಗತಿಯನ್ನು ಬಿಡಬಹುದು. ಆದರೆ ಬಿಟ್ಟ ಎಡೆಯನ್ನು ಸುಳ್ಳಿನಿಂದ ತುಂಬಕೂಡದು. ಅಚ್ಚಿಗೆ ಮೊದಲು ಕರಡನ್ನು ಬಂಧುಗಳೆಲ್ಲರ ಮುಂದೆ ಓದಿಸಿದರೆ ಹೆಳವನಿಗಿದ್ದ ಪರೀಕ್ಷೆ ಈ ಲೇಖಕನಿಗೂ ಒದಗುವುದು. ಅಚ್ಚಾದ ಮೇಲೆ ಪ್ರತಿಯೊಂದು ಕವಲಿಗೂ ಊರಿನ ಪುಸ್ತಕಭಂಡಾರಕ್ಕೂ ಪ್ರತಿಗಳು ಸಲ್ಲಬೇಕು.

ಅಚ್ಚಿನ ಕೆಲಸಕ್ಕೆ ಹಣ ಕೂಡುವ ತನಕ ಕಾಯಬಹುದು; ಕೇಳುವ ಕೆಲಸಕ್ಕೆ ಕಾಲ ಕಾಯದು. ಎಂಬತ್ತು ದಾಟಿದ ಹಿರಿಯರಿರುವ ಮನೆಯಲ್ಲಿ, ಲೇಖಕನು ದೊರೆಯುವುದಕ್ಕೆ ಮೊದಲೇ, ಓದುಬರಹ ಬಲ್ಲ ಮೊಮ್ಮಗಳೊಬ್ಬಳು ಅಜ್ಜಿಯ ಬಳಿ ಕುಳಿತು, ಆಕೆಯ ತಾಯಿಯ ಹೆಸರನ್ನೂ ತವರೂರನ್ನೂ ಕೇಳಿ ಬರೆದುಕೊಳ್ಳಲಿ. ಬೇಟೆನಾಯಿಯೊಂದರ ಹೆಸರನ್ನು ಸಾವಿರ ವರ್ಷ ಉಳಿಸಿದ ಸೀಮೆಯಲ್ಲಿ ಆ ತಾಯಿಯ ಹೆಸರು ಅಳಿಯಬಾರದು.