ಬೆಕ್ಕು ಕೂದಲುಂಡೆ ಕಾರಿದರೆ ಏನು ಮಾಡಬೇಕು? ಯಾವಾಗ ಆಸ್ಪತ್ರೆಗೆ ಓಡಬೇಕು?

ಹಲಸಿ (ಖಾನಾಪುರ ತಾ.): ಕಿರಾಣಿ ಅಂಗಡಿ, ಗಿರಣಿ, ಹಂಚಿನ ಮನೆ ಅಂದಮೇಲೆ ಇಲಿ ಇದ್ದದ್ದೇ. ಇಲಿ ಅಂದಮೇಲೆ ಬೆಕ್ಕೂ ಬೇಕು. ನಮ್ಮ ಭಾಗದಲ್ಲಿ ಕನ್ನಡದವರು ಬೆಕ್ಕು ಅಂದರೂ, ಮರಾಠಿಯವರು ಮಾಂಜರ ಅಂದರೂ ಅದರ ಕೆಲಸ ಒಂದೇ, ಅಕ್ಕಿ-ಬೇಳೆ ಚೀಲ ಕಾಯೋದು. ಇಂಥ ಬೆಕ್ಕು ಒಂದು ದಿನ ಮೂಲೆಯಲ್ಲಿ ಮುದುಡಿ ಕುಂತು, ಕುತ್ತಿಗೆ ಚಾಚಿ ‘ಖ್ಯಾಕ್ ಖ್ಯಾಕ್’ ಅಂತ ಹೊಟ್ಟೆ ಹಿಂಡಿಕೊಳ್ಳೋಕೆ ಶುರು ಮಾಡಿದರೆ ಮನೆಮಂದಿಗೆ ಗಾಬರಿ. ಕೆಲವರು "ವಿಷ ತಿಂದೈತಿ" ಅಂತಾರೆ. ಇನ್ನು ಕೆಲವರು "ಬೆಕ್ಕು ಕಾರೋದು ಇದ್ದದ್ದೇ, ಬಿಡ್ರಿ" ಅಂತಾರೆ. ಎರಡೂ ಮಾತು ಒಮ್ಮೊಮ್ಮೆ ನಿಜ, ಒಮ್ಮೊಮ್ಮೆ ಸುಳ್ಳು. ಯಾವುದು ಯಾವಾಗ ಅಂತ ತಿಳಿದಿದ್ದರೆ ಬೆಕ್ಕಿನ ಜೀವ ಉಳಿಯುತ್ತೆ.

ಕೂದಲುಂಡೆ ಅಂದ್ರೇನು?

ಬೆಕ್ಕು ಎಚ್ಚರ ಇರುವ ಹೊತ್ತಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗವನ್ನು ಮೈ ನೆಕ್ಕಿಕೊಳ್ಳೋದಕ್ಕೇ ಕಳೆಯುತ್ತೆ. ಅದರ ನಾಲಿಗೆ ಮೇಲೆ ಸಣ್ಣ ಸಣ್ಣ ಮುಳ್ಳುಗಳಿವೆ. ನಮ್ಮ ಉಗುರು ಯಾವುದರಿಂದ ಆಗಿದೆಯೋ ಆ ಕೆರಾಟಿನ್‌ನಿಂದಲೇ ಇವೂ ಆಗಿವೆ. ಅಮೆರಿಕದ ಜಾರ್ಜಿಯಾ ಟೆಕ್ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಮುಳ್ಳುಗಳ ತುದಿ ಚಮಚದ ಹಾಗೆ ಟೊಳ್ಳು. ಜೊಲ್ಲನ್ನು ಹಿಡಿದು ಕೂದಲಿನ ಬುಡದ ತನಕ ಮುಟ್ಟಿಸುತ್ತವೆ. ಹುಲಿ, ಸಿಂಹದ ನಾಲಿಗೆಯೂ ಹೀಗೇ ಇದೆ. ಅಂದ್ರೆ ಭೀಮಗಡದ ಕಾಡಿನ ಹುಲಿಗೂ ನಿಮ್ಮ ಅಂಗಡಿಯ ಬೆಕ್ಕಿಗೂ ಈ ವಿಷಯದಲ್ಲಿ ಫರಕಿಲ್ಲ.

ಮುಳ್ಳುಗಳು ಗಂಟಲ ಕಡೆಗೆ ಬಾಗಿರೋದರಿಂದ ಉದುರಿದ ಕೂದಲನ್ನು ಬೆಕ್ಕು ಉಗುಳೋಕೆ ಆಗಲ್ಲ, ನುಂಗಲೇಬೇಕು. ಇಲಿ ಹಿಡಿದು ತಿಂದರೆ ಇಲಿಯ ಕೂದಲೂ ಒಳಗೆ ಹೋಗುತ್ತೆ. ಕೂದಲು ಜೀರ್ಣ ಆಗಲ್ಲ. ಬಹುಪಾಲು ಹೇಸಿಗೆಯಲ್ಲಿ ಹೊರಗೆ ಹೋಗುತ್ತೆ. ಉಳಿದದ್ದು ಹೊಟ್ಟೆಯಲ್ಲಿ ಸೇರಿ ಗಂಟು ಕಟ್ಟಿ, ಒಂದು ದಿನ ಬಾಯಿಂದ ಹೊರಬೀಳುತ್ತೆ.

ಹೆಸರಿಗೆ ಉಂಡೆ, ಆದರೆ ನೋಡೋಕೆ ದೀಪಕ್ಕೆ ಹೊಸೆದ ಬತ್ತಿಯ ಹಾಗೆ ಉದ್ದಕ್ಕಿರುತ್ತೆ. ಸಣ್ಣ ಅನ್ನನಾಳದಲ್ಲಿ ಹಿಂಡಿಕೊಂಡು ಬರೋದೇ ಅದಕ್ಕೆ ಕಾರಣ. ಮೇಲೆ ಲೋಳೆ, ಹಳದಿ ಪಿತ್ತ ಇರುತ್ತೆ. ಎಷ್ಟೋ ಜನ ಅದನ್ನು ಬೆಕ್ಕಿನ ಹೇಸಿಗೆ ಅಂತಲೇ ತಿಳಿದು ಗುಡಿಸಿ ಹಾಕ್ತಾರೆ. ದನ ಸಾಕಿದವರಿಗೆ ಇನ್ನೊಂದು ಮಾತು: ಒಂದನ್ನೊಂದು ನೆಕ್ಕುವ ಕರುಗಳ ಹೊಟ್ಟೆಯಲ್ಲೂ ಕೂದಲುಂಡೆ ಆಗುತ್ತೆ. ದನಕ್ಕೆ ಬೆಕ್ಕಿನ ಹಾಗೆ ಕಾರೋಕೆ ಬರಲ್ಲ, ಅದು ಒಳಗೇ ಉರುಳಿ ಉರುಳಿ ಚೆಂಡಿನಂತೆ ಗುಂಡಗಾಗುತ್ತೆ.

ಎಷ್ಟು ಸಲ ಆದರೆ ಸರಿ?

ಯಾವಾಗಲೋ ಒಮ್ಮೆ ಉಂಡೆ ಬಿದ್ದು, ಆಮೇಲೆ ಬೆಕ್ಕು ಎಂದಿನಂತೆ ತಿಂದು ಆಡಿಕೊಂಡಿದ್ದರೆ ಚಿಂತೆ ಬೇಡ. ಪರ್ಷಿಯನ್‌ನಂಥ ಉದ್ದ ಕೂದಲಿನ ಬೆಕ್ಕಿನಲ್ಲಿ ಇದು ಹೆಚ್ಚು, ನಮ್ಮ ನಾಟಿ ಬೆಕ್ಕಿನಲ್ಲಿ ಕಡಿಮೆ. ಆದರೆ ನಾಟಿ ಬೆಕ್ಕೇ ವಾರ ವಾರ ಉಂಡೆ ಕಾರ್ತಿದ್ದರೆ ಅದಕ್ಕೆ ಬೇರೆ ಕಾರಣ ಇರಬಹುದು. ಚಿಗಟ ಇಲ್ಲವೇ ಚರ್ಮದ ಅಲರ್ಜಿಯಿಂದ ಮೈ ತುರಿಸಿ ಹೆಚ್ಚು ನೆಕ್ಕುತ್ತಿರಬಹುದು. ಅಥವಾ ಕರುಳಿನ ಕಾಯಿಲೆಯಿಂದ ಕೂದಲು ಮುಂದೆ ಸಾಗದೆ ಹೊಟ್ಟೆಯಲ್ಲೇ ನಿಲ್ಲುತ್ತಿರಬಹುದು. ಆಗ ಡಾಕ್ಟರಿಗೆ ತೋರಿಸೋದೇ ಸರಿ.

ಕೂದಲುಂಡೆಯೋ, ಬೇರೆ ಏನೋ?

* ಕುತ್ತಿಗೆ ಚಾಚಿ ಕೆಮ್ಮುತ್ತೆ, ಏನೂ ಬೀಳಲ್ಲ, ಇದು ಪದೇ ಪದೇ ಆಗುತ್ತೆ: ಇದು ಅಸ್ತಮಾ ಇರಬಹುದು. ಬೆಕ್ಕಿಗೂ ಅಸ್ತಮಾ ಬರುತ್ತೆ. ಮೊಬೈಲ್‌ನಲ್ಲಿ ವಿಡಿಯೊ ಮಾಡಿ ಡಾಕ್ಟರಿಗೆ ತೋರಿಸಿ.
* ಕಾರಿದ್ದರಲ್ಲಿ ಶ್ಯಾವಿಗೆಯಂಥ ಬಿಳಿ ಹುಳ ಇದೆ: ಜಂತುಹುಳ. ತೂಕ ನೋಡಿ ಡಾಕ್ಟರು ಮಾತ್ರೆ ಕೊಡ್ತಾರೆ.
* ಬಾಯಿಂದ ಅಥವಾ ಹಿಂದಿನಿಂದ ದಾರ ನೇತಾಡ್ತಿದೆ: ಎಳೀಬೇಡಿ. ದಾರದ ಇನ್ನೊಂದು ತುದಿ ಒಳಗೆ ಸಿಕ್ಕಿಕೊಂಡಿದ್ದರೆ ಎಳೆದಾಗ ಕರುಳು ಕೊಯ್ದು ಹೋಗಬಹುದು. ಹಾಗೇ ಬಿಟ್ಟು ಆಸ್ಪತ್ರೆಗೆ ಒಯ್ಯಿರಿ.
* ಜೊಲ್ಲು ಸುರಿಸ್ತಾ, ನುಂಗೋಕೆ ಆಗದೆ, ವರ್ತನೆಯೇ ಬದಲಾಗಿದೆ: "ಗಂಟಲಾಗ ಏನೋ ಸಿಕ್ಕೈತಿ" ಅಂತ ಬಾಯಿಗೆ ಬೆರಳು ಹಾಕಲೇಬೇಡಿ. ರೇಬಿಸ್ ಇರಬಹುದು. ಕಚ್ಚಿದರೆ, ಪರಚಿದರೆ 15 ನಿಮಿಷ ಸೋಪು ಹಚ್ಚಿ ಹರಿಯೋ ನೀರಲ್ಲಿ ತೊಳೆದು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.
* ನಡುಕ, ಸೆಳೆತ, ರಕ್ತ: ಇಲಿ ಪಾಷಾಣ ತಿಂದಿರಬಹುದು, ಪಾಷಾಣ ತಿಂದ ಇಲಿಯನ್ನು ತಿಂದಿರಬಹುದು. ತಡ ಮಾಡಬೇಡಿ. ಪಾಷಾಣದ ಪಾಕೀಟು ಇದ್ದರೆ ಜೊತೆಗೆ ಒಯ್ಯಿರಿ.

ಈ ಲಕ್ಷಣ ಕಂಡರೆ ಕಾಯಬೇಡಿ

ಕೂದಲುಂಡೆ ಹೊಟ್ಟೆಯಿಂದ ಮೇಲೆ ಬರದೆ ಕರುಳಿಗೆ ಇಳಿದು ಸಿಕ್ಕಿಬೀಳೋದು ಅಪರೂಪ. ಆದರೆ ಸಿಕ್ಕಿಬಿತ್ತು ಅಂದ್ರೆ ಆಪರೇಷನ್ ಬೇಕಾಗಬಹುದು. ಮತ್ತೆ ಮತ್ತೆ ಓಕರಿಸಿದರೂ ಏನೂ ಬೀಳದಿರೋದು, ಕುಡಿದ ನೀರೂ ನಿಲ್ಲದಿರೋದು, ಒಂದು ದಿನ ಪೂರ್ತಿ ಊಟ ಮುಟ್ಟದಿರೋದು, ಹೇಸಿಗೆ ನಿಂತಿರೋದು, ಹೊಟ್ಟೆ ಉಬ್ಬಿ ಮುಟ್ಟಿದರೆ ನೋವು, ಕರೆದರೂ ಏಳದಷ್ಟು ಸುಸ್ತು. ಇವುಗಳಲ್ಲಿ ಯಾವುದಿದ್ದರೂ ಅವತ್ತೇ ತೋರಿಸಿ. ಬೆಕ್ಕು ಎರಡು-ಮೂರು ದಿನ ಉಪವಾಸ ಬಿದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿ ಅದೇ ಜೀವಕ್ಕೆ ಕುತ್ತಾಗುತ್ತೆ. ಮೈತುಂಬಿದ ಬೆಕ್ಕಿಗೆ ಈ ಅಪಾಯ ಇನ್ನೂ ಹೆಚ್ಚು. "ನಾಳೆ ಸಂತೆಗೆ ಹೋದಾಗ ತೋರಿಸಿದರಾಯ್ತು" ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ.

ಮನೆಯಲ್ಲಿ ಏನು ಮಾಡಬಹುದು?

*ಬಾಚೋದು:* ಇದೇ ಮೊದಲ ಮದ್ದು. ನೀವು ಬಾಚಿ ತೆಗೆದ ಕೂದಲು ಬೆಕ್ಕಿನ ಹೊಟ್ಟೆಗೆ ಹೋಗಲ್ಲ. ನಾಟಿ ಬೆಕ್ಕಿಗೆ ವಾರಕ್ಕೆ ಒಂದೆರಡು ಸಲ ಸಾಕು. ಉದ್ದ ಕೂದಲಿನದಕ್ಕೆ ದಿನಾ ಬೇಕು. ಬಾಚಣಿಕೆಗೆ ಒಗ್ಗದ ಬೆಕ್ಕಾದರೆ ಕೈ ಒದ್ದೆ ಮಾಡಿ ತಲೆಯಿಂದ ಬಾಲದ ಕಡೆಗೆ ಸವರಿ, ಸಡಿಲ ಕೂದಲು ಕೈಗೇ ಅಂಟಿ ಬರುತ್ತೆ. ಜಡೆಗಟ್ಟಿದ ಕೂದಲನ್ನು ಕತ್ತರಿಯಿಂದ ಕತ್ತರಿಸಬೇಡಿ. ಬೆಕ್ಕಿನ ಚರ್ಮ ತೆಳು, ಅದೂ ಕತ್ತರಿಸಿ ಹೋಗುತ್ತೆ.

*ನೀರು:* ಬೆಕ್ಕು ನೀರು ಕುಡಿಯೋದೇ ಕಡಿಮೆ. ಊಟದ ತಟ್ಟೆಯಿಂದ ದೂರ ಎರಡು ಕಡೆ ಅಗಲ ಬಟ್ಟಲಲ್ಲಿ ನೀರಿಡಿ. ಒಣ ಕಾಳಿನಂಥ ಕ್ಯಾಟ್ ಫುಡ್ ಕೊಡುವವರು ಅದಕ್ಕೆ ನೀರು ಬೆರೆಸಿ ಕೊಡಬಹುದು.

*ನಾರು:* ಉಪ್ಪು, ಖಾರ ಹಾಕದೆ ಬೇಯಿಸಿ ಕಿವುಚಿದ ಕುಂಬಳಕಾಯಿ ಅರ್ಧ-ಒಂದು ಚಮಚ ಊಟದಲ್ಲಿ ಕಲಸಿ ಕೊಡಬಹುದು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡವೇ ಬೇಡ, ಅವು ಬೆಕ್ಕಿನ ರಕ್ತಕಣಗಳನ್ನೇ ಒಡೆಯುತ್ತವೆ.

*ಪೇಸ್ಟ್:* ಕೂದಲುಂಡೆಗೆ ಅಂತಲೇ ಪೇಸ್ಟ್ ಸಿಗುತ್ತೆ. ಡಾಕ್ಟರನ್ನು ಕೇಳಿ, ಮುಂಗಾಲಿಗೆ ಸ್ವಲ್ಪ ಹಚ್ಚಿದರೆ ಬೆಕ್ಕು ತಾನೇ ನೆಕ್ಕಿಕೊಳ್ಳುತ್ತೆ.

ಏನು ಮಾಡಬಾರದು?

ಬಾಯಿ ಅಗಲಿಸಿ ಕೊಬ್ಬರಿ ಎಣ್ಣೆ, ಹರಳೆಣ್ಣೆ, ಪ್ಯಾರಾಫಿನ್ ಸುರಿಯಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತೆ. ತುಪ್ಪದಿಂದಲೂ ಉಪಯೋಗ ಅಷ್ಟಕ್ಕಷ್ಟೇ, ಅದು ಜೀರ್ಣ ಆಗಿಹೋಗುತ್ತೆ. ಹಾಲು ಕೊಟ್ಟರೆ ಎಷ್ಟೋ ದೊಡ್ಡ ಬೆಕ್ಕುಗಳಿಗೆ ಭೇದಿ ಹತ್ತುತ್ತೆ. ಮನುಷ್ಯರ ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಜೀವ ತೆಗೀಬಹುದು.

ಎಲ್ಲಕ್ಕಿಂತ ಮುಖ್ಯವಾಗಿ, ದನದ ಉಣ್ಣೆಗೆ ತಂದ ಔಷಧವನ್ನು ಬೆಕ್ಕಿನ ಚಿಗಟಕ್ಕೆ ಹಚ್ಚಬೇಡಿ. ನಾಯಿಗೆ ಹಾಕುವ ಹನಿ ಔಷಧವೂ ಬೇಡ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಪರ್ಮೆಥ್ರಿನ್ ಅಂತ ಬಾಟಲಿ ಮೇಲೆ ಬರೆದಿದ್ದರೆ ಬೆಕ್ಕಿನಿಂದ ದೂರ ಇಡಿ. ದನ, ನಾಯಿಯ ಮೈ ಅದನ್ನು ತಡೆದುಕೊಳ್ಳುತ್ತೆ. ಬೆಕ್ಕಿನ ಲಿವರ್‌ಗೆ ಅದನ್ನು ಕರಗಿಸುವ ಶಕ್ತಿ ಕಡಿಮೆ, ಹಚ್ಚಿದ್ದನ್ನು ನೆಕ್ಕಿಯೂ ಬಿಡುತ್ತೆ. ನಡುಕ, ಸೆಳೆತ ಬಂದು ಸಾಯಬಹುದು. ಬೆಕ್ಕಿಗೆ ಅಂತಲೇ ಇರುವ ಔಷಧವನ್ನು ಕೇಳಿ ತಗೊಳ್ಳಿ.

ಅಂಗಡಿಯವರು ಗಮನಿಸಿ

ಸುತಲಿ, ಹೊಲಿಗೆ ದಾರ, ರಬ್ಬರ್ ಬ್ಯಾಂಡ್, ಹೂ ಕಟ್ಟುವ ದಾರ ರಾತ್ರಿ ಅಂಗಡಿ ಮುಚ್ಚುವಾಗ ಡಬ್ಬಿಗೆ ಹಾಕಿ. ಮುಳ್ಳಿನ ನಾಲಿಗೆಗೆ ದಾರ ಸಿಕ್ಕರೂ ಕೂದಲಿನ ಕಥೆಯೇ: ಉಗುಳೋಕೆ ಬರಲ್ಲ, ಒಳಗೇ ಹೋಗುತ್ತೆ. ಬೆಕ್ಕು ಸಾಕಿದ ಅಂಗಡಿಯಲ್ಲಿ ಇಲಿ ಪಾಷಾಣ ಇಡಬೇಡಿ. ಎರಡರಲ್ಲಿ ಒಂದೇ ಇರಲಿ.

ಎಲ್ಲಿ ತೋರಿಸೋದು?

ಹಲಸಿಯಿಂದ ಖಾನಾಪುರಕ್ಕೆ ಸುಮಾರು 14 ಕಿ.ಮೀ. ಮೊದಲು ಅಲ್ಲಿನ ತಾಲೂಕು ಪಶು ಆಸ್ಪತ್ರೆಗೆ ಒಯ್ಯಿರಿ. ಎಕ್ಸ್‌ರೇ, ಸ್ಕ್ಯಾನಿಂಗ್, ಆಪರೇಷನ್ ಬೇಕು ಅಂದರೆ ಸುಮಾರು 40 ಕಿ.ಮೀ. ದೂರದ ಬೆಳಗಾವಿಗೆ ಹೋಗಬೇಕಾಗಬಹುದು. ಹೊರಡುವ ಮುಂಚೆ ಫೋನ್ ಮಾಡಿ ಡಾಕ್ಟರು ಇದ್ದಾರಾ ಅಂತ ಕೇಳಿಕೊಳ್ಳಿ. ಪಶು ಸಂಜೀವಿನಿಯ 1962 ನಂಬರಿಗೂ ಕರೆ ಮಾಡಬಹುದು. ಆದರೆ ಆ ಗಾಡಿ ಇರೋದು ಮುಖ್ಯವಾಗಿ ದನಕರುಗಳ ತುರ್ತಿಗೆ ಅನ್ನೋದು ನೆನಪಿರಲಿ.

ಬೈಕ್ ಮೇಲೆ ಒಯ್ಯುವುದಾದರೆ ಬೆಕ್ಕನ್ನು ಮಡಿಲಲ್ಲಿ ಕೂರಿಸಿಕೊಳ್ಳಬೇಡಿ. ತೂತು ಮಾಡಿದ ರಟ್ಟಿನ ಡಬ್ಬಿ, ಮುಚ್ಚಳದ ಬುಟ್ಟಿ ಯಾವುದಾದರೂ ಆದೀತು, ಒಳಗೆ ಹಳೇ ಬಟ್ಟೆ ಹಾಸಿ. ಕಾರಿದ್ದರ ಫೋಟೊ ಇಟ್ಟುಕೊಳ್ಳಿ. ಕೊನೇ ಸಲ ಊಟ ಮಾಡಿದ್ದು ಯಾವಾಗ, ಹೇಸಿಗೆ ಮಾಡಿದ್ದು ಯಾವಾಗ, ಎಷ್ಟು ಸಲ ಓಕರಿಸಿತು, ಈ ಮೂರಕ್ಕೆ ಉತ್ತರ ಸಿಕ್ಕರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂತೆ. ಹೋದಾಗಲೇ ರೇಬಿಸ್ ಲಸಿಕೆ ಬಗ್ಗೆಯೂ ಕೇಳಿ. ಮರಿಗೆ ಮೂರು ತಿಂಗಳಾದ ಮೇಲೆ ಮೊದಲ ಸಲ, ಆಮೇಲೆ ವರ್ಷಕ್ಕೊಮ್ಮೆ.